ಜೊತೆಗೊಬ್ಬರು ನಡೆದರೆ

ಸೆಪ್ಟೆಂಬರ್ 10 ವಿಶ್ವ ಆತ್ಮಹತ್ಯೆ ತಡೆ ದಿನ. ದೂರದ ಐರ್ಲೆಂಡಿನಲ್ಲಿ ಇದೇ ಕಾಳಜಿಗೆ ಊರಿಗೆ ಊರೇ ಬೆಳಗಿನ ಜಾವ ನಾಲ್ಕೂಕಾಲಕ್ಕೆ ಎದ್ದು ನಡೆಯುತ್ತದೆ. ಕೊಳ್ಳೇಗಾಲ, ಹನೂರು, ಯಳಂದೂರಿನ ಜನಕ್ಕೆ ಕತ್ತಲಲ್ಲಿ ನಡೆಯುವುದನ್ನು ಯಾರೂ ಕಲಿಸಬೇಕಿಲ್ಲ. ಆ ನಡಿಗೆಗೆ ಒಂದು ಮಾತು ಸೇರಬೇಕಿದೆ!

ಮಲೆ ಮಹದೇಶ್ವರ ಬೆಟ್ಟದ ದಾರಿಯಲ್ಲಿ, ತಾಳಬೆಟ್ಟದ ಬುಡದಲ್ಲಿ, ಬೆಳಗಿನ ಜಾವ ಮೊದಲು ಕರ್ಪೂರದ ವಾಸನೆ ಬರುತ್ತದೆ, ಆಮೇಲೆ ಜನ ಕಾಣುತ್ತಾರೆ. ತಲೆಯ ಮೇಲೆ ಬಟ್ಟೆಯ ಗಂಟು, ಹೆಗಲ ಮೇಲೆ ಟವೆಲು, ಕೈಯಲ್ಲಿ ಮೊಬೈಲಿನ ಬೆಳಕು. ಬಹಳ ಮಂದಿಯದು ಬರಿಗಾಲು. ಬೊಬ್ಬೆ ಎದ್ದ ಅಂಗಾಲಿಗೆ ಬಟ್ಟೆ ಸುತ್ತಿಕೊಂಡವರೂ ಇದ್ದಾರೆ. ಕನಕಪುರದ ಕಡೆಯಿಂದ ಕಾವೇರಿ ದಾಟಿ ಬಂದವರು, ಮಳವಳ್ಳಿ ಮಂಡ್ಯದವರು, ಕೊಳ್ಳೇಗಾಲದಿಂದ ಹೊರಟು ಮಧುವನಹಳ್ಳಿ, ಕಾಮಗೆರೆ, ಹನೂರು, ಕೌದಳ್ಳಿ ಹಾದು ಬಂದವರು. ಮುಂದೆ ಏರು, ಕಾಡು. ಆನೆ, ಚಿರತೆ ಓಡಾಡುವ ದಾರಿ. ಬೆಳಕು ಹರಿಯಲೆಂದು ಕೆಲವರು ಇಲ್ಲೇ ಕೂತು ಕಾಯುತ್ತಾರೆ.

‘ಉಘೇ ಮಾದಪ್ಪ!’ ಒಬ್ಬರು ಕೂಗಿದರೆ ನೂರು ಗಂಟಲು ಮರುಕೂಗು ಕೊಡುತ್ತವೆ.

ಪ್ರತಿ ಗುಂಪಿನ ಬೆನ್ನಿಗೂ ಇಬ್ಬರು ಹಿಂದುಳಿದಿರುತ್ತಾರೆ. ಕಾಲುನೋವಿಗಲ್ಲ. ಒಬ್ಬರು ಏನೋ ಹೇಳುತ್ತಿರುತ್ತಾರೆ, ಇನ್ನೊಬ್ಬರು ಹ್ಞೂಂಗುಟ್ಟುತ್ತಿರುತ್ತಾರೆ. ಮನೆಯ ಜಗುಲಿಯಲ್ಲಿ, ಹೋಟೆಲಿನ ಬೆಂಚಿನ ಮೇಲೆ ಬಾಯಿಗೆ ಬಾರದ ಮಾತು ಇಲ್ಲಿ ಬರುತ್ತದೆ. ಬೆಳೆ ಕೈಕೊಟ್ಟದ್ದು, ಸಾಲ ಬೆಳೆದದ್ದು, ಅಳಿಯನ ಕುಡಿತ, ಫೇಲಾದ ಮಗ ಊಟ ಬಿಟ್ಟದ್ದು. ಕತ್ತಲಾದ್ದರಿಂದ ಮುಖ ನೋಡಬೇಕಾಗಿಲ್ಲ. ಇಬ್ಬರ ಕಣ್ಣೂ ದಾರಿಯ ಮೇಲೆ. ಅಳು ಬಂದರೆ ಬೆವರು ಒರೆಸಿಕೊಂಡಂತೆ ಒರೆಸಿಕೊಂಡರಾಯಿತು.

ಮಾದಪ್ಪನ ಪಾದಯಾತ್ರೆ ಎಂದರೆ ನಾವೆಲ್ಲ ಹರಕೆಯ ಬಗ್ಗೆ ಬರೆಯುತ್ತೇವೆ, ಹುಲಿವಾಹನ, ಹಾಲರವಿ, ಕಂಸಾಳೆಯ ಬಗ್ಗೆ ಬರೆಯುತ್ತೇವೆ. ನನಗೆ ಆ ಹಿಂದುಳಿದ ಇಬ್ಬರೇ ಮುಖ್ಯ ಅನಿಸುತ್ತಾರೆ. ಒಬ್ಬ ಮನುಷ್ಯ ಸಾವಿನ ಯೋಚನೆಯಿಂದ ಹಿಂದಕ್ಕೆ ಬರುವುದು ಬಹಳ ಸಲ ಇಂಥ ಒಂದು ಹ್ಞೂಂಗುಟ್ಟುವಿಕೆಯಿಂದಲೇ.

ಡಬ್ಲಿನ್ನಿನ ನಾಲ್ಕೂಕಾಲು

2009ರಲ್ಲಿ ಐರ್ಲೆಂಡಿನ ರಾಜಧಾನಿ ಡಬ್ಲಿನ್ನಿನ ಫೀನಿಕ್ಸ್ ಪಾರ್ಕಿನಲ್ಲಿ ಸುಮಾರು 400 ಮಂದಿ ಕತ್ತಲಿರುವಾಗಲೇ ಸೇರಿ ನಡೆದರು. ಕರೆದದ್ದು ಪಿಯೆಟಾ ಎಂಬ ಸಂಸ್ಥೆ. ಜೋನ್ ಫ್ರೀಮನ್ ಎಂಬ ಮನಶ್ಶಾಸ್ತ್ರಜ್ಞೆ 2006ರಲ್ಲಿ ಕಟ್ಟಿದ ಈ ಸಂಸ್ಥೆ ಸಾವಿನ ಯೋಚನೆಯಲ್ಲಿ ನರಳುವವರಿಗೆ ಹಣ ಪಡೆಯದೆ ಆಪ್ತಸಲಹೆ ಕೊಡುತ್ತದೆ. ನಡಿಗೆಗೆ ‘ಕತ್ತಲಿಂದ ಬೆಳಕಿಗೆ’ ಎಂದು ಹೆಸರಿಟ್ಟರು. ದೂರ ಐದು ಕಿಲೋಮೀಟರು. ಹೊರಡುವುದು ನಾಲ್ಕೂಕಾಲಕ್ಕೆ, ಮುಗಿಸುವ ಹೊತ್ತಿಗೆ ಮೂಡಲು ಕೆಂಪಾಗಿರುತ್ತದೆ.

ಆ ನಡಿಗೆ ಐರ್ಲೆಂಡಿನ ಊರೂರಿಗೆ ಹಬ್ಬಿತು, ಕಡಲು ದಾಟಿ ಐರಿಷ್ ಜನ ನೆಲೆಸಿದ ನಾಡುಗಳಿಗೂ ಹೋಯಿತು. ಪ್ರತಿ ವರ್ಷ ಮೇ ತಿಂಗಳಲ್ಲಿ ನಡೆಯುತ್ತದೆ. ಮಗನನ್ನು ಕಳೆದುಕೊಂಡ ತಾಯಿ, ಅಕ್ಕನನ್ನು ಕಳೆದುಕೊಂಡ ತಮ್ಮ, ತಾನೇ ಅಂಚಿಗೆ ಹೋಗಿ ಮರಳಿದವರು ಒಂದೇ ಸಾಲಿನಲ್ಲಿ ಹೆಜ್ಜೆ ಹಾಕುತ್ತಾರೆ. ನಡೆದವರು ಕೊಟ್ಟ ದೇಣಿಗೆ ಆಪ್ತಸಲಹೆಯ ಕೋಣೆಗಳಿಗೆ ಹೋಗುತ್ತದೆ.

ಸೆಪ್ಟೆಂಬರ್ 10ನ್ನು ಆತ್ಮಹತ್ಯೆ ತಡೆಯ ದಿನವೆಂದು ಲೋಕ ಗುರುತಿಸಿದ್ದು 2003ರಿಂದ. ಅಂತರರಾಷ್ಟ್ರೀಯ ಆತ್ಮಹತ್ಯೆ ತಡೆ ಸಂಘ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸೇರಿ ಆರಂಭಿಸಿದ ದಿನ ಇದು. 2024ರಿಂದ 2026ರವರೆಗೆ ಮೂರು ವರ್ಷಕ್ಕೂ ಒಂದೇ ಕರೆ: ಆತ್ಮಹತ್ಯೆಯ ಬಗ್ಗೆ ನಾವು ಆಡುವ ಮಾತಿನ ರೀತಿ ಬದಲಾಗಲಿ, ಮಾತು ಶುರುವಾಗಲಿ.

ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಈ ದಿನದ ಜಾಥಾ ಹೇಗಿರುತ್ತದೆಂದು ಎಲ್ಲರೂ ಬಲ್ಲರು. ಬೆಳಿಗ್ಗೆ ಹತ್ತು ಗಂಟೆ, ಸಮವಸ್ತ್ರದ ಮಕ್ಕಳು, ಬ್ಯಾನರು, ಬಸ್ ನಿಲ್ದಾಣದವರೆಗೆ ಘೋಷಣೆ. ಅದು ಬೇಡವೆಂದು ನಾನು ಹೇಳಲಾರೆ. ಆದರೆ ಘೋಷಣೆ ಕೂಗುವಾಗ ಪಕ್ಕದವನ ಮಾತು ಕೇಳಿಸುವುದಿಲ್ಲ. ಹತ್ತು ಗಂಟೆಗೆ ಕೂಲಿಗೆ ಹೋದವನು, ಹೊಲದಲ್ಲಿರುವವನು, ಒಲೆಯ ಮುಂದಿರುವವಳು ಆ ಜಾಥಾದಲ್ಲಿ ಇರುವುದೂ ಇಲ್ಲ.

ಈ ವರ್ಷದ ಪಂಚಾಂಗ ನಮಗೊಂದು ಅವಕಾಶ ಕೊಟ್ಟಿದೆ. ಸೆಪ್ಟೆಂಬರ್ 10ರಂದೇ ಅಮಾವಾಸ್ಯೆಯ ತಿಥಿ ಕಾಲಿಡುತ್ತದೆ. ಅಮಾವಾಸ್ಯೆ ಎಂದರೆ ಈ ಸೀಮೆಯ ರಸ್ತೆಗಳೆಲ್ಲ ಬೆಟ್ಟದ ಕಡೆ ಮುಖ ಮಾಡುವ ದಿನ. ಮುಂದಿನ ತಿಂಗಳು ಅಕ್ಟೋಬರ್ 10, ವಿಶ್ವ ಮಾನಸಿಕ ಆರೋಗ್ಯ ದಿನ. ಅಂದೇ ಮಹಾಲಯ ಅಮಾವಾಸ್ಯೆ. ಜನ ಹೇಗೂ ನಡೆಯುತ್ತಾರೆ.

ಸಂಕಮ್ಮನ ಗುಡಿಸಲು

ಮನಸ್ಸಿನ ಆರೋಗ್ಯ ಎಂದರೆ ಪಟ್ಟಣದ ವಿಷಯ, ಓದಿದವರ ವಿಷಯ ಎನ್ನುವವರು ಈ ಮೂರು ತಾಲ್ಲೂಕುಗಳಲ್ಲೂ ಸಿಗುತ್ತಾರೆ. ಅವರಿಗೆ ಸಂಕಮ್ಮನ ಸಾಲನ್ನು ನೆನಪಿಸಬೇಕು.

ದೇವರಗುಡ್ಡರು ಕಂಸಾಳೆ ಹಿಡಿದು ರಾತ್ರಿಯಿಡೀ ಹಾಡುವ ಮಾದೇಶ್ವರನ ಕಾವ್ಯದಲ್ಲಿ ಅತಿ ಹೆಚ್ಚು ಕಣ್ಣೀರು ತರಿಸುವ ಭಾಗ ಅದು. ಕಾಡಿಗೆ ಹೊರಟ ನೀಲೇಗೌಡ ಹೆಂಡತಿಯ ಶೀಲಕ್ಕೆ ಭಾಷೆ ಕೇಳುತ್ತಾನೆ. ಸಂಕಮ್ಮ ಕೊಡುವುದಿಲ್ಲ. ಅವನು ಅವಳನ್ನು ಹಿಂಸಿಸಿ, ನಡುಕಾಡಿನ ಗುಡಿಸಲಲ್ಲಿ ಒಂಟಿಯಾಗಿ ಬಿಟ್ಟು ಹೋಗುತ್ತಾನೆ. ಸುತ್ತ ಯಾರೂ ಇಲ್ಲ, ದಾರಿ ಇಲ್ಲ. ಬದುಕು ಸಾಕೆನಿಸಿದ ಹೆಣ್ಣಿನ ಗೋಳನ್ನು ಕಾವ್ಯ ಅವಸರವಿಲ್ಲದೆ ಹಾಡುತ್ತದೆ. ಆಮೇಲೆ ಒಬ್ಬ ಜಂಗಮ ಬರುತ್ತಾನೆ, ಅವನೇ ಮಾದಪ್ಪ.

ಮಾದಪ್ಪ ಅವಳಿಗೆ ಕಾರಯ್ಯ, ಬಿಲ್ಲಯ್ಯ ಎಂಬ ಇಬ್ಬರು ಮಕ್ಕಳನ್ನು ಕೊಟ್ಟದ್ದು ಪವಾಡ. ಆ ಪವಾಡಕ್ಕೆ ಮೊದಲಿನದು ನನಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ: ಯಾರಿಗೂ ಕೇಳಿಸದ ಕೂಗು ಅವನಿಗೆ ಕೇಳಿಸಿತು, ಅವನು ಅಲ್ಲಿಗೆ ನಡೆದುಕೊಂಡು ಬಂದ. ಗಂಡನ ಅನುಮಾನ, ಹೊಡೆತ, ಒಂಟಿತನ, ಮಕ್ಕಳಿಲ್ಲವೆಂಬ ಮೂದಲಿಕೆ. ಇಂದು ಸಹಾಯವಾಣಿಗೆ ಫೋನ್ ಮಾಡುವ ಹೆಣ್ಣುಮಗಳು ಹೇಳುವುದೂ ಇದನ್ನೇ. ನಮ್ಮ ಹಾಡುಗಾರರು ತಲೆಮಾರುಗಳಿಂದ ಇದನ್ನು ಬಯಲಿನಲ್ಲಿ, ಗಂಡಸರು ಹೆಂಗಸರು ಮಕ್ಕಳ ಮುಂದೆ ಹಾಡಿದ್ದಾರೆ. ನಾವೇ ಈಚೆಗೆ ಪಿಸುಮಾತಿಗೆ ಇಳಿದವರು.

[ಬಾಕ್ಸ್] ಅಂಕಿಗಳ ಹಿಂದಿನ ಮನೆಗಳು

ರಾಷ್ಟ್ರೀಯ ಅಪರಾಧ ದಾಖಲೆ ಘಟಕದ ಲೆಕ್ಕದಂತೆ 2022ರಲ್ಲಿ ಭಾರತದಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡವರು 1,70,924. ಕರ್ನಾಟಕದಲ್ಲಿ 13,606, ಅಂದರೆ ದಿನಕ್ಕೆ ಸುಮಾರು 37 ಮನೆ. ದೇಶದಲ್ಲಿ ಹತ್ತರಲ್ಲಿ ಏಳು ಮಂದಿ ಗಂಡಸರು. ನಾಲ್ವರಲ್ಲಿ ಒಬ್ಬರಿಗೂ ಹೆಚ್ಚು ದಿನಗೂಲಿಯವರು. ದಾಖಲಾದ ಕಾರಣಗಳಲ್ಲಿ ಕುಟುಂಬದ ಸಮಸ್ಯೆ ಮೊದಲು, ಕಾಯಿಲೆ ಆಮೇಲೆ. ಪೊಲೀಸ್ ದಾಖಲೆಯಲ್ಲಿ ಒಂದು ಸಾವಿಗೆ ಒಂದು ಕಾರಣ ಬರೆಯುತ್ತಾರೆ. ನಿಜದಲ್ಲಿ ಯಾವ ಸಾವಿಗೂ ಕಾರಣ ಒಂದೇ ಇರುವುದಿಲ್ಲ. ಲೋಕದಲ್ಲಿ ವರ್ಷಕ್ಕೆ ಏಳು ಲಕ್ಷಕ್ಕೂ ಹೆಚ್ಚು ಜನ ಹೀಗೆ ಹೋಗುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಬೀಗ ಹಾಕಿಟ್ಟರೆ ಜೀವ ಉಳಿಯುತ್ತದೆ

ಈ ಸೀಮೆಗೆ ವಿಷದ ನೆನಪು ಹಳೆಯದಲ್ಲ. 2018ರ ಡಿಸೆಂಬರ್ 14ರಂದು ಸುಳವಾಡಿಯ ಕಿಚ್‌ಗುತ್ ಮಾರಮ್ಮನ ಗುಡಿಯಲ್ಲಿ ಪ್ರಸಾದಕ್ಕೆ ಕೀಟನಾಶಕ ಬೆರೆಸಿದ ಕ್ರೌರ್ಯಕ್ಕೆ 17 ಮಂದಿ ಬಲಿಯಾದರು, ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ಹುಲಿ, ಅದರ ನಾಲ್ಕು ಮರಿ ವಿಷದಿಂದ ಸತ್ತವು. ಇವೆರಡೂ ಅಪರಾಧಗಳು, ಆತ್ಮಹತ್ಯೆಗೂ ಇವಕ್ಕೂ ಸಂಬಂಧವಿಲ್ಲ. ಆದರೆ ಎರಡೂ ಒಂದೇ ಸಂಗತಿಯನ್ನು ತೋರಿಸುತ್ತವೆ. ಅತಿ ಘೋರ ವಿಷ ನಮ್ಮ ಹಳ್ಳಿಗಳಲ್ಲಿ ಯಾರ ಕೈಗೂ ಎಟುಕುವಂತಿದೆ. ಮನೆಯ ಅಟ್ಟದಲ್ಲಿ, ಕೊಟ್ಟಿಗೆಯ ಮೂಲೆಯಲ್ಲಿ, ಬೀಗವಿಲ್ಲದೆ.

‘ಸಾಯಬೇಕು ಅಂದೋನು ಇದಲ್ಲದಿದ್ರ ಇನ್ನೊಂದು ದಾರಿ ನೋಡ್ತಾನ ಬುಡಿ’ ಎಂದು ಹೇಳುವವರಿದ್ದಾರೆ. ಈ ಮಾತು ತಪ್ಪು, ಇದು ಜೀವ ತೆಗೆಯುವ ತಪ್ಪು. ಸಾವಿನ ಯೋಚನೆ ಉಕ್ಕಿ ಬಂದು ಇಳಿಯುವಂಥದ್ದು. ಆ ಉಕ್ಕಿನ ಹೊತ್ತಿನಲ್ಲಿ ಕೈಗೆ ಏನು ಸಿಗುತ್ತದೆ, ಪಕ್ಕದಲ್ಲಿ ಯಾರಿದ್ದಾರೆ ಎನ್ನುವುದರ ಮೇಲೆ ಬದುಕು ನಿಂತಿರುತ್ತದೆ. ಯತ್ನದಿಂದ ಪಾರಾದವರಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ ಎಂದು ವರ್ಷಗಟ್ಟಲೆ ನಡೆದ ಅಧ್ಯಯನಗಳು ಕಂಡುಕೊಂಡಿವೆ.

ಶ್ರೀಲಂಕಾ ಇದಕ್ಕೆ ದೊಡ್ಡ ಸಾಕ್ಷಿ. 1990ರ ದಶಕದಲ್ಲಿ ಆ ಪುಟ್ಟ ದ್ವೀಪದ ಆತ್ಮಹತ್ಯೆಯ ಪ್ರಮಾಣ ಲೋಕದಲ್ಲೇ ಅತಿ ಹೆಚ್ಚಿನವುಗಳಲ್ಲಿ ಒಂದಾಗಿತ್ತು. ಸರ್ಕಾರ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸುತ್ತ ಬಂತು. 2015ರ ಹೊತ್ತಿಗೆ ಪ್ರಮಾಣ ಸುಮಾರು ಶೇ 70ರಷ್ಟು ಇಳಿದಿತ್ತು. ಉಳಿದ ಜೀವಗಳು 93,000 ಎಂಬ ಅಂದಾಜಿದೆ. ಬೆಳೆಯ ಇಳುವರಿ ಕುಸಿಯಲಿಲ್ಲ. ಭಾರತವೂ 2018ರಲ್ಲಿ 18 ಕೀಟನಾಶಕಗಳ ನಿಷೇಧಕ್ಕೆ ಆದೇಶ ಹೊರಡಿಸಿತು: 12 ಕೂಡಲೇ, ಉಳಿದ ಆರು 2020ರ ಕೊನೆಗೆ.

ಇನ್ನೊಂದು ಪಾಠ ಪಕ್ಕದ ಮನೆಯಿಂದಲೇ ಬಂದಿದೆ. 1956ರವರೆಗೆ ಕೊಳ್ಳೇಗಾಲ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಇಂದಿಗೂ ಇಲ್ಲಿನ ನಂಟಸ್ತಿಕೆ ಗಡಿಯಾಚೆ ಚಾಚಿದೆ. ಆ ತಮಿಳುನಾಡಿನ ಕಾಟ್ಟುಮನ್ನಾರ್‌ಕೋಯಿಲ್ ಭಾಗದ ಎರಡು ಹಳ್ಳಿಗಳಲ್ಲಿ ಮನೋವೈದ್ಯೆ ಲಕ್ಷ್ಮಿ ವಿಜಯಕುಮಾರ್ ಮತ್ತವರ ತಂಡ ಕೀಟನಾಶಕಕ್ಕೆಂದೇ ಒಂದೊಂದು ಉಗ್ರಾಣ ಕಟ್ಟಿಸಿದರು. ಬ್ಯಾಂಕಿನ ಲಾಕರಿನಂತೆ ಒಬ್ಬೊಬ್ಬ ರೈತನಿಗೆ ಒಂದೊಂದು ಪೆಟ್ಟಿಗೆ, ಬೀಗ. ಬೇಕಾದಾಗ ಹೋಗಿ ತೆಗೆದುಕೊಳ್ಳಬೇಕು, ಉಳಿದದ್ದನ್ನು ಅಲ್ಲೇ ಇಡಬೇಕು. 2013ರಲ್ಲಿ ಫಲಿತಾಂಶ ಪ್ರಕಟವಾಯಿತು: ಉಗ್ರಾಣವಿದ್ದ ಹಳ್ಳಿಗಳಲ್ಲಿ ಕೀಟನಾಶಕದಿಂದಾಗುವ ಆತ್ಮಹತ್ಯೆ ಇಳಿದಿತ್ತು. ಇದೇ ಲಕ್ಷ್ಮಿಯವರು 1986ರಲ್ಲಿ ಚೆನ್ನೈನಲ್ಲಿ ‘ಸ್ನೇಹಾ’ ಎಂಬ ಸಹಾಯಕೇಂದ್ರ ಕಟ್ಟಿದವರು.

ಹನೂರಿನ ಹಾಲಿನ ಡೇರಿಯ ಪಕ್ಕ, ರೈತ ಸಂಪರ್ಕ ಕೇಂದ್ರದ ಹಿಂದೆ ಅಂಥ ಒಂದು ಕೋಣೆ ಕಟ್ಟಲು ಎಷ್ಟು ಸಿಮೆಂಟು ಬೇಕು? ಪಂಚಾಯಿತಿಯೊಂದು ಮನಸ್ಸು ಮಾಡಿದರೆ ಸಾಕು. ಅಲ್ಲಿಯವರೆಗೆ ಮನೆಯಲ್ಲೊಂದು ಬೀಗದ ಪೆಟ್ಟಿಗೆ; ಬೀಗದ ಕೈ ಮನೆಯಲ್ಲಿ ಗಟ್ಟಿ ಮನಸ್ಸಿನವರ ಹತ್ತಿರ.

ಸಾಲ, ಪರೀಕ್ಷೆ, ಕುಡಿತ

2025ರ ಜನವರಿಯಲ್ಲಿ ಚಾಮರಾಜನಗರ ಜಿಲ್ಲೆಯ ಹಳ್ಳಿಗಳ ಸುದ್ದಿ ರಾಜ್ಯವನ್ನು ಬೆಚ್ಚಿಬೀಳಿಸಿತು. ಮೈಕ್ರೋಫೈನಾನ್ಸ್ ಸಾಲ ವಸೂಲಿಯ ಕಿರುಕುಳ ತಾಳದೆ ಸಂಸಾರಗಳು ಮನೆಗೆ ಬೀಗ ಹಾಕಿ ಊರು ಬಿಟ್ಟಿದ್ದವು. ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು. ಬೆದರಿಸಿ, ಅವಮಾನಿಸಿ ವಸೂಲಿ ಮಾಡಿದರೆ ಹತ್ತು ವರ್ಷದವರೆಗೆ ಜೈಲು. ಈ ಕಾನೂನಿನ ಬಗ್ಗೆ ತಿಳಿದಿರುವುದೂ ಆತ್ಮಹತ್ಯೆ ತಡೆಯ ಕೆಲಸವೇ. ಬಾಗಿಲಿಗೆ ಬಂದು ಕೂತವನನ್ನು ಎದುರಿಸಲು ಠಾಣೆ ಇದೆ ಎಂದು ಗೊತ್ತಾದ ಹೆಣ್ಣುಮಗಳು ಸಾವಿನ ಯೋಚನೆಯಿಂದ ಒಂದು ಹೆಜ್ಜೆ ದೂರ ಸರಿಯುತ್ತಾಳೆ.

ಪರೀಕ್ಷೆಯ ಮಟ್ಟಿಗೆ ಕರ್ನಾಟಕ ಒಳ್ಳೆಯ ಕೆಲಸ ಮಾಡಿದೆ. 2024ರಿಂದ ಎಸ್‌ಎಸ್‌ಎಲ್‌ಸಿ, ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ. ಫೇಲಾದರೆ ವರ್ಷವೇ ಹೋಯಿತು ಎನ್ನುವ ಕಾಲ ಮುಗಿದಿದೆ. ಫಲಿತಾಂಶದ ದಿನ ಅಪ್ಪ ಅಮ್ಮ ಮಗುವಿಗೆ ಮೊದಲು ಹೇಳಬೇಕಾದ ಮಾತು ಇದೇ.

ಕುಡಿತದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅದು ದುಃಖವನ್ನು ಹೆಚ್ಚಿಸುತ್ತದೆ, ತಡೆಯನ್ನು ಕಿತ್ತುಹಾಕುತ್ತದೆ. ಮನೆಯಲ್ಲಿ ಕುಡಿಯುವವರು ‘ನಾನು ಹೋಗ್ಬುಡ್ತೀನಿ’ ಎಂದರೆ ಅದನ್ನು ಕುಡಿದ ಮಾತೆಂದು ತಳ್ಳಿಹಾಕಬಾರದು.

ಕೇಳುವುದು ಹೇಗೆ?

ನಡಿಗೆಯಲ್ಲಿ ಜೊತೆಯಾದವರು ಮುಖ್ಯವಾಗಿ ಮಾಡಬೇಕಾದದ್ದು ಕೇಳುವುದು. ಇಲ್ಲಿ ಎಲ್ಲರಿಗೂ ಒಂದು ಹೆದರಿಕೆ ಇರುತ್ತದೆ: ನೇರವಾಗಿ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುವುದಿಲ್ಲವೇ? ಆಗುವುದಿಲ್ಲ. ಈ ಪ್ರಶ್ನೆಯನ್ನು ಹಲವು ದೇಶಗಳಲ್ಲಿ ಪರೀಕ್ಷಿಸಿ ನೋಡಿದ್ದಾರೆ. ಕೇಳಿದ್ದರಿಂದ ಯೋಚನೆ ಹೆಚ್ಚುವುದಿಲ್ಲ. ಒಳಗೆ ಹೊತ್ತುಕೊಂಡವನಿಗೆ ಹಗುರಾಗುತ್ತದೆ.

ನಮ್ಮ ಭಾಷೆಯಲ್ಲೇ ಕೇಳಬಹುದು. ‘ಯಾಕ ಕೂಸೇ, ಮೊಕ ಸಪ್ಪಗದ?’ ಎನ್ನುವುದು ಈ ಸೀಮೆಯ ಅಜ್ಜಿಯರು ದಿನಾ ಕೇಳುವ ಮಾತು. ಅದಕ್ಕೆ ‘ಏನಿಲ್ಲ ಬುಡಜ್ಜಿ’ ಎಂಬ ಉತ್ತರ ಬಂದರೆ ಸುಮ್ಮನಾಗದೆ ಇನ್ನೊಂದು ಹೆಜ್ಜೆ ಮುಂದಿಡಬೇಕು. ‘ಬದುಕೇ ಬ್ಯಾಡ ಅನ್ಸುತ್ತಾ? ಸತ್ತೋಗಬೇಕು ಅನ್ನ ಯೋಚ್ನ ಬಂದದಾ?’ ಇಷ್ಟು ನೇರವಾಗಿ.

‘ಹ್ಞೂಂ’ ಎಂದರೆ ಬುದ್ಧಿ ಹೇಳಲು ಹೋಗಬಾರದು. ‘ಹೆಂಡ್ತಿ ಮಕ್ಳ ಮೊಕ ನೋಡು’, ‘ಎಲ್ಲಾರ್ಗೂ ಕಷ್ಟ ಅದ’, ‘ಹೇಡಿ ತರ ಆಡ್ಬ್ಯಾಡ’ ಎಂಬ ಮಾತುಗಳು ಆ ಹೊತ್ತಿನಲ್ಲಿ ಬಾಗಿಲು ಮುಚ್ಚುತ್ತವೆ. ಅವನಿಗೆ ಹೆಂಡತಿ ಮಕ್ಕಳ ಮುಖ ನೆನಪಿದೆ; ಅವರಿಗೆ ತಾನು ಭಾರ ಎಂದು ಅವನು ನಂಬಿಬಿಟ್ಟಿದ್ದಾನೆ, ನೋವು ಅದೇ. ‘ಹೇಳ್ದಲ್ಲ, ಒಳ್ಳೇದಾಯ್ತು. ನಾನಿದ್ದೀನಿ, ಎಲ್ಗೂ ಹೋಗಲ್ಲ’ ಎಂದರೆ ಸಾಕು. ಆ ರಾತ್ರಿ ಒಂಟಿಯಾಗಿ ಬಿಡದಿರುವುದು, ಮನೆಯಲ್ಲಿರುವ ಅಪಾಯದ ವಸ್ತು ತೆಗೆದಿಡುವುದು, ಬೆಳಿಗ್ಗೆ ಆಸ್ಪತ್ರೆಗೆ ಜೊತೆಗೆ ಹೋಗುವುದು. ಇದಕ್ಕೆ ಡಿಗ್ರಿ ಬೇಡ.

ನಿಮ್ಹಾನ್ಸ್ ಸಂಸ್ಥೆ ಚನ್ನಪಟ್ಟಣ ತಾಲ್ಲೂಕಿನಲ್ಲಿ ‘ಸುರಕ್ಷಾ’ ಎಂಬ ಯೋಜನೆ ಕೈಗೊಂಡದ್ದು ಇದೇ ನಂಬಿಕೆಯ ಮೇಲೆ. ಊರಿನವರಿಗೇ ಗುರುತಿಸಲು, ಕೇಳಲು, ವೈದ್ಯರ ಬಳಿಗೆ ಕರೆತರಲು ತರಬೇತಿ ಕೊಡುವ ಕೆಲಸ ಅದು.

[ಬಾಕ್ಸ್] ಕೇಸು ಆಗುತ್ತದೆಯೇ?

ಆತ್ಮಹತ್ಯೆಗೆ ಯತ್ನಿಸಿದವರನ್ನು ಆಸ್ಪತ್ರೆಗೆ ತರಲು ತಡಮಾಡುವುದಕ್ಕೆ ಪೊಲೀಸ್ ಭಯ ಒಂದು ಕಾರಣ. ಆ ಭಯ ಬೇಡ. 2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 115ನೇ ಸೆಕ್ಷನ್, ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು, ಆರೈಕೆ ಕೊಡುವುದು ಸರ್ಕಾರದ ಹೊಣೆ ಎನ್ನುತ್ತದೆ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೇ ಸೆಕ್ಷನ್ ಇಲ್ಲ. ಸರ್ಕಾರಿ ಅಧಿಕಾರಿಯನ್ನು ಮಣಿಸಲು ಹಾಗೆ ಯತ್ನಿಸುವುದಷ್ಟೇ ಅಪರಾಧವಾಗಿ ಉಳಿದಿದೆ. ಆಸ್ಪತ್ರೆಯವರು ಬರೆದುಕೊಳ್ಳುವ ದಾಖಲೆ ಶಿಕ್ಷೆಯಲ್ಲ.

ಮಂಗಳವಾರದ ಬಾಗಿಲು

ಹಳ್ಳಿಗೆ ಮನೋವೈದ್ಯಕೀಯ ತಲುಪಿಸುವ ದಾರಿಯನ್ನು ದೇಶಕ್ಕೆ ತೋರಿಸಿದ್ದು ಕರ್ನಾಟಕ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೇ ತರಬೇತಿ ಕೊಟ್ಟು ನಡೆಸಿದ ಪ್ರಯೋಗವೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ಶುರುವಾಗಿ, ಮುಂದೆ ದೇಶಕ್ಕೆ ಹರಡಿತು. ಆಮೇಲೆ ರಾಜ್ಯ ‘ಮನೋಚೈತನ್ಯ’ ಎಂಬ ಹೆಸರಿನಲ್ಲಿ ಮಂಗಳವಾರದ ಚಿಕಿತ್ಸಾಲಯ ಆರಂಭಿಸಿತು. ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೇ ಬರುವ ಏರ್ಪಾಡು.

ತಾಲ್ಲೂಕು ಆಸ್ಪತ್ರೆಯ ಈ ಬಾಗಿಲು ಎಷ್ಟು ಮುಖ್ಯವೆಂದು ತಿಳಿಯಲು ಭೂಪಟ ನೋಡಿದರೆ ಸಾಕು. ಬೆಟ್ಟದ ಮೇಲಿನವರಿಗೆ ಚಾಮರಾಜನಗರದ ವೈದ್ಯಕೀಯ ಕಾಲೇಜು ನೂರು ಕಿಲೋಮೀಟರಿಗೂ ಆಚೆ. ಒಂದು ದಿನದ ಕೂಲಿ, ಎರಡು ಕಡೆಯ ಬಸ್ ಚಾರ್ಜು, ಜೊತೆಗೆ ಬರುವವರ ಕೂಲಿ. ಖಿನ್ನತೆಗೆ ತಿಂಗಳುಗಟ್ಟಲೆ ಔಷಧ ಬೇಕು. ಎರಡನೇ ತಿಂಗಳಿಗೆ ಪ್ರಯಾಣವೇ ಭಾರವಾಗಿ ಬಿಟ್ಟುಬಿಡುವವರು ಬಹಳ. ಮಂಗಳವಾರ ತಪ್ಪದೆ ವೈದ್ಯರು ಬರಬೇಕು, ಔಷಧ ಇರಬೇಕು. ಊರಿನ ಮುಖಂಡರು ಕೇಳಬೇಕಾದ ಹಕ್ಕು ಇದು.

ಫೋನಿನಲ್ಲಾದರೆ ಟೆಲಿ ಮಾನಸ್ ಇದೆ. 2022ರ ಅಕ್ಟೋಬರ್ 10ರಂದು ಬೆಂಗಳೂರಿನಲ್ಲೇ ಚಾಲನೆ ಪಡೆದ ಈ ರಾಷ್ಟ್ರೀಯ ಸೇವೆಗೆ ನಿಮ್ಹಾನ್ಸ್ ಕೇಂದ್ರಸ್ಥಾನ. 2025ರ ವೇಳೆಗೆ ದೇಶದಾದ್ಯಂತ 20 ಲಕ್ಷಕ್ಕೂ ಹೆಚ್ಚು ಕರೆಗಳನ್ನು ಅದು ಆಲಿಸಿತ್ತು.

ಆದರೆ ಗಿರಿಜನ ಸೋಲಿಗರು ನೆಲೆಸಿದ ಕಾಡಿನ ಪೋಡುಗಳಲ್ಲಿ ನೆಟ್‌ವರ್ಕ್ ಎಲ್ಲೆಡೆ ಸಿಗುವುದಿಲ್ಲ. ಅಲ್ಲಿಗೆ ಮನುಷ್ಯರೇ ಹೋಗಬೇಕು. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟ ಇದಕ್ಕೆ ದಾರಿ ತೋರಿಸಿದೆ. ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ, ಸೋಲಿಗರ ನಡುವಿನಿಂದಲೇ ಆರೋಗ್ಯ ಕಾರ್ಯಕರ್ತರನ್ನು ತಯಾರು ಮಾಡಿತು. 1994ರಲ್ಲಿ ಅದಕ್ಕೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಜ್ವರ, ಹೆರಿಗೆಗೆ ನಡೆದು ಹೋದ ಆ ಕಾಲುಗಳು ಮನಸ್ಸಿನ ನೋವಿಗೂ ಹೋಗಬಲ್ಲವು.

[ಬಾಕ್ಸ್] ಈಗಲೇ ಮಾತಾಡಬೇಕೆನಿಸಿದರೆ

ಟೆಲಿ ಮಾನಸ್: 14416. ಇನ್ನೊಂದು ಸಂಖ್ಯೆ: 1800 891 4416. ಹಗಲು ರಾತ್ರಿ, ಉಚಿತ, ಕನ್ನಡದಲ್ಲಿ. ನಿಮಗಾಗಿ ಮಾಡಬಹುದು, ನಿಮ್ಮ ಮನೆಯವರಿಗಾಗಿ, ಗೆಳೆಯನಿಗಾಗಿಯೂ ಮಾಡಬಹುದು. ಜೀವಕ್ಕೆ ಅಪಾಯವಿದೆ ಎನಿಸಿದರೆ 112 ಅಥವಾ ಆಂಬುಲೆನ್ಸಿಗೆ 108.

ಹಿಂದೆ ಉಳಿದ ಮನೆಗಳು

ಆತ್ಮಹತ್ಯೆಯಿಂದ ಒಬ್ಬರು ಹೋದ ಮನೆಗೆ ಊರು ಮೊದಲ ಮೂರು ದಿನ ಬರುತ್ತದೆ, ಆಮೇಲೆ ಬರುವುದಿಲ್ಲ. ಬಂದವರೂ ‘ಏನಾಗಿತ್ತು? ಯಾರ ತಪ್ಪು?’ ಎಂದು ಕೇಳುತ್ತಾರೆ. ಹೋದವರ ಹೆಸರನ್ನು ಆ ಮನೆಯಲ್ಲೇ ಎತ್ತದಂತಾಗುತ್ತದೆ. ಮಗಳಿಗೆ ಸಂಬಂಧ ಕೂಡಿಬರುವುದಿಲ್ಲ.

ನಮ್ಮ ಸಂಪ್ರದಾಯ ಇಷ್ಟು ಕಠಿಣವಾಗಿರಲಿಲ್ಲ. ಪಿತೃಪಕ್ಷದ ಚತುರ್ದಶಿಯನ್ನು, ಮಹಾಲಯ ಅಮಾವಾಸ್ಯೆಯ ಹಿಂದಿನ ದಿನವನ್ನು, ಘಾತ ಚತುರ್ದಶಿ ಎಂದು ಕರೆದು, ಆಯಸ್ಸು ತೀರುವ ಮೊದಲೇ ಅಪಘಾತದಲ್ಲಿ, ಆಯುಧದಿಂದ, ಇಂಥ ಸಾವಿನಿಂದ ಹೋದವರ ಹೆಸರಿನಲ್ಲಿ ಶ್ರಾದ್ಧಕ್ಕೆಂದು ಬಿಟ್ಟಿದ್ದಾರೆ. ಅವರನ್ನು ಪಟ್ಟಿಯಿಂದ ಹೊರಗಿಡಲಿಲ್ಲ, ಅವರಿಗೊಂದು ದಿನ ಕೊಟ್ಟರು. ಈ ವರ್ಷ ಅದು ಅಕ್ಟೋಬರ್ 9, ಶುಕ್ರವಾರ. ನಿಮ್ಮ ಬೀದಿಯಲ್ಲಿ ಅಂಥ ಮನೆ ಇದ್ದರೆ ಅಂದು ಹೋಗಿ ಕೂತು ಬನ್ನಿ. ಹೇಗೆ ಸತ್ತರೆಂದು ಕೇಳಬೇಡಿ. ಹೇಗೆ ಬದುಕಿದ್ದರೆಂದು ಮಾತಾಡಿ: ಅವನು ಹೊಡೆಯುತ್ತಿದ್ದ ತಮಟೆ, ಅವಳು ನೇಯುತ್ತಿದ್ದ ರೇಷ್ಮೆ ಸೀರೆ.

ನಡೆಯೋಣವೇ?

ಸೆಪ್ಟೆಂಬರ್ 10 ಗುರುವಾರ. ಕೊಳ್ಳೇಗಾಲದಿಂದ ಮಧುವನಹಳ್ಳಿಯ ಕಡೆಗೆ, ಯಳಂದೂರಿನಲ್ಲಿ ಬಳೆಮಂಟಪದ ಮುಂದಿನಿಂದ, ಹನೂರಿನಲ್ಲಿ ಬಸ್ ನಿಲ್ದಾಣದಿಂದ, ಕಾಡಿನ ದಾರಿ ಬಿಟ್ಟು ಊರ ಬಯಲಿನಲ್ಲೇ ಅಂದು ಬೆಳಗಿನ ಜಾವ ನಡೆಯಬಹುದು. ಬ್ಯಾನರ್ ಬೇಡ, ಘೋಷಣೆ ಬೇಡ, ಮೈಕ್ ಖಂಡಿತ ಬೇಡ. ಇಬ್ಬಿಬ್ಬರಾಗಿ ನಡೆಯಬೇಕು, ಅದೊಂದೇ ನಿಯಮ. ಗುರುತಿಲ್ಲದವರ ಜೊತೆಯಾದರೆ ಇನ್ನೂ ಒಳ್ಳೆಯದು.

ಯಾರು ಬರಬೇಕು? ಗೊಬ್ಬರ, ಕೀಟನಾಶಕದ ಅಂಗಡಿಯವರು ಮೊದಲು ಬರಲಿ. ಅವಸರದಲ್ಲಿ ಬಂದ ಗಿರಾಕಿಯ ಮುಖವನ್ನು ಮೊದಲು ನೋಡುವವರು ಅವರು. ಆಶಾ ಕಾರ್ಯಕರ್ತೆಯರು, ಕ್ಷೌರಿಕರು, ಸ್ವಸಹಾಯ ಸಂಘದವರು, ಆಟೊ ಓಡಿಸುವವರು, ಪಿಯುಸಿ ಮೇಷ್ಟ್ರುಗಳು ಬರಲಿ. ಕಂಸಾಳೆಯವರು ಬಂದು ಸಂಕಮ್ಮನ ಸಾಲು ಹಾಡಲಿ. ತಾನು ಒಮ್ಮೆ ಅಂಚಿಗೆ ಹೋಗಿ ಬಂದೆ ಎಂದು ಹೇಳಿಕೊಳ್ಳುವ ಧೈರ್ಯ ಇರುವವರು ಬಂದರೆ ಅವರಿಗಿಂತ ದೊಡ್ಡ ಅತಿಥಿ ಬೇಡ.

ಈ ದಾರಿಗಳಲ್ಲಿ ಪಾದಯಾತ್ರಿಗಳಿಗೆ ಅರವಟ್ಟಿಗೆ ಇಡುವ, ಅನ್ನ ಮಜ್ಜಿಗೆ ಹಂಚುವ ಧರ್ಮ ಹಿಂದಿನಿಂದ ನಡೆದು ಬಂದಿದೆ. ಅಂದು ಹಾಗೆ ಟೀ ಕೊಡುವವರು ಒಂದು ಡಬ್ಬಿಯನ್ನೂ ಇಡಲಿ. ಅದರಲ್ಲಿ ಬಿದ್ದ ಹಣದ ಲೆಕ್ಕವನ್ನು ಪಂಚಾಯಿತಿಯ ಗೋಡೆಗೆ ಅಂಟಿಸಿ, ಎರಡೇ ಕೆಲಸಕ್ಕೆ ಖರ್ಚು ಮಾಡಲಿ: ಬೀಗದ ಪೆಟ್ಟಿಗೆಗಳಿಗೆ, ಮತ್ತು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಹೋಗುವವರ, ಅವರ ಜೊತೆ ಹೋಗುವವರ ಬಸ್ ಚಾರ್ಜಿಗೆ.